ನಗುವಿಗೆ ಬಿಟ್ಟ ಜಾಗ

ಆಗಸ್ಟ್ 4, 2025, ಸೋಮವಾರ. ಬೆಳಗ್ಗೆ 9.40, ಕಾರಿನೊಳಗೆ

ಎರಡನೇ ಕ್ಲಾಸ್ ಮುಗಿಯಿತು. ದೀಕ್ಷಿತಾ ಇವತ್ತೂ ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿಸಿದಳು. ಹಿಂದಿನ ಬಸ್ಸಿನವ ಬ್ರೇಕ್ ತುಳಿದು, ತಲೆ ಹೊರಗೆ ಹಾಕಿ, ನನ್ನ ಇಡೀ ಕುಟುಂಬವನ್ನು ನೆನೆದ. ಅವನಿಗೇನು, ಕಾರಿನ ಮೇಲೆ ದೊಡ್ಡದಾಗಿ ಬರೆದಿದೆಯಲ್ಲ — ಗ್ಲ್ಯಾಡಿಸ್ ಡ್ರೈವಿಂಗ್ ಸ್ಕೂಲ್, ಶಿರ್ವ, ಮಹಿಳೆಯರಿಗೆ ಮಾತ್ರ. "ಮಾರಾಯ್ತಿ, ಎಲ್ಲಿಗೆ ಬೇಕಾದರೂ ತಿರುಗು, ಬೇಡ ಅನ್ನುವುದಿಲ್ಲ. ಹೇಳಿ ತಿರುಗು" ಅಂದೆ. ಬೊಬ್ಬೆ ಸ್ವಲ್ಪ ಜಾಸ್ತಿ ಆಯಿತು. ಹುಡುಗಿ ಅತ್ತಳು. ಈಗ ಎದುರಿನ ಅಂಗಡಿಯಲ್ಲಿ ಚಾ ಕುಡೀತಿದ್ದಾಳೆ, ನಾನು ಇಲ್ಲಿ ಬರೀತಿದ್ದೇನೆ.

ಫಾದರ್ ಫೋನ್ ಮಾಡಿದ್ದರು. ಬರುವ ಫೆಬ್ರವರಿಯ ಪ್ಯಾರಿಶ್ ಡೇಗೆ, ನಮ್ಮ ಚರ್ಚಿನ ವಾರ್ಷಿಕೋತ್ಸವಕ್ಕೆ, ನಾಟಕ ಉಂಟಾ ಅಂತ. ಆಮೇಲೆ ಹೇಳ್ತೇನೆ ಅಂತ ಫೋನ್ ಇಟ್ಟೆ. ಹತ್ತೊಂಬತ್ತು ವರ್ಷ — ಬರೆಯುವುದು ನಾನು, ಗಂಡನ ಪಾತ್ರ ರೊಸಾರಿಯೊ, ಹೆಂಡತಿಯ ಪಾತ್ರ ಮತ್ತೆ ನಾನೇ. ಕಳೆದ ವರ್ಷ ಮಾರ್ಚ್‌ನಲ್ಲಿ ಅವನ ನಿಜವಾದ ಹೆಂಡತಿ ಆಲಿಸ್ ತೀರಿಹೋದಳು. ಅಂದಿನಿಂದ ಸ್ಟೇಜ್ ಹತ್ತಿಲ್ಲ. ಈ ವರ್ಷ ನಾಟಕವೇ ಇರಲಿಲ್ಲ. ಹತ್ತು ಸಲ ಹೋಗಿ ಕರೆದಿದ್ದೇನೆ. "ಮುಗೀತು ಗ್ಲ್ಯಾಡಿಸ್" ಅಂತಾನೆ, ಟಿವಿ ನೋಡ್ತಾನೆ. ಟಿವಿ ಆಫ್ ಇರ್ತದೆ. ಅರುವತ್ತಾರಕ್ಕೆ ಎಂತ ಮುಗಿಯುವುದು? ನನಗೆ ಸಿಟ್ಟು ಬರ್ತದೆ. ನಿಜ ಹೇಳಬೇಕಾದರೆ ಸಿಟ್ಟಲ್ಲ, ಹೆದರಿಕೆ. ಹೀಗೇ ಕೂತರೆ ಇನ್ನೆರಡು ವರ್ಷದಲ್ಲಿ ಅವನನ್ನೂ ಹೊತ್ತುಕೊಂಡು ಹೋಗಬೇಕಾಗ್ತದೆ.

ದೀಕ್ಷಿತಾ ಬಂದಳು. ಮುಖ ತೊಳೆದಿದ್ದಾಳೆ. ಇನ್ನೊಂದು ರೌಂಡ್.


ಆಗಸ್ಟ್ 9, ಶನಿವಾರ. ಮಧ್ಯಾಹ್ನ

ಮಣಿಪಾಲಕ್ಕೆ ಹೋಗಿ ಬಂದೆ. ವಿಜೇತಾ ಕರೆದಿದ್ದಳು. ಎಂಟು ವರ್ಷದ ಹಿಂದೆ ನನ್ನ ಹತ್ತಿರ ಕ್ಲಚ್ ಬಿಡಲು ಕಲಿತ ಹುಡುಗಿ. ಈಗ ಅಲ್ಲಿ ಒಂದು ಕಾಲೇಜಿನಲ್ಲಿ ಸಿನೆಮಾ ಬರೆಯುವುದನ್ನು ಕಲಿಸ್ತಾಳೆ. ಊರಿನ ಒಂದು ನಾಟಕವನ್ನು ಇಪ್ಪತ್ತು ನಿಮಿಷದ ಸಿನೆಮಾ ಮಾಡಬೇಕಂತೆ. ನನ್ನದೇ ಬೇಕಂತೆ — ಕುವೈತ್ ಡ್ರೈವರ್ ಪೆದ್ರುವಿನ ನಾಟಕ.

ಕಥೆ ಎಂತ ಮಹಾ? ಪೆದ್ರು ಇಪ್ಪತ್ತಾರು ವರ್ಷ ಕುವೈತಿನಲ್ಲಿ ಟ್ರೈಲರ್ ಓಡಿಸಿದವ. ಅಲ್ಲಿ ಸ್ಟೇರಿಂಗ್ ಎಡಕ್ಕೆ. ಊರಿಗೆ ಬಂದು ಕಾರು ತೆಗೆದ. ದಿನಾ ಬೆಳಗ್ಗೆ ಠೀವಿಯಿಂದ ಎಡಬಾಗಿಲು ತೆಗೆದು ಕೂರ್ತಾನೆ — ಸ್ಟೇರಿಂಗ್ ಇಲ್ಲ! ಅದು ಹೆಂಡತಿಯ ಸೀಟು. ಸ್ಟೇಜಿನಲ್ಲಿ ಎರಡು ಕುರ್ಚಿ, ಸ್ಟೇರಿಂಗಿಗೆ ಒಂದು ಅಲ್ಯುಮಿನಿಯಂ ತಟ್ಟೆ. ರೊಸಾರಿಯೊ ಕೂತು, ಗಾಳಿಯಲ್ಲಿ ಕೈಯಾಡಿಸಿ ಹುಡುಕಿ, ಮೆಲ್ಲ ಸಭೆಯ ಕಡೆ ನೋಡ್ತಾನೆ. ಹಾಲ್ ಹಾರಿಹೋಗುವಷ್ಟು ನಗು. ನಗು ಇಳಿಯುವಾಗ ನಾನು ಬಂದು "ಓಹೋ, ಇವತ್ತಿನಿಂದ ನಾನು ಡ್ರೈವರಾ?" ಅನ್ನಬೇಕು. ಎಲ್ಲಿಂದ ಕದ್ದೆ ಅಂತ ಊರಿಗೇ ಗೊತ್ತು. ರೊಸಾರಿಯೊ ಕುವೈತಿನಿಂದ ಬಂದ ವಾರ ಚರ್ಚಿನ ಎದುರು ಹಾಗೆಯೇ ಕೂತಿದ್ದ, ಆಲಿಸ್ ಬಾಗಿಲು ಹಿಡಿದು ನಿಂತು ನಕ್ಕಿದ್ದಳು.

ವಿಜೇತಾ ಕೇಳಿದಳು, "ಆಂಟಿ, ಇದರ ಜಾನರ್ ಎಂತ?"

"ಪೋಸ್ಟರಿನಲ್ಲಿ ನಗುವಿನ ಹೊಳೆ ಅಂತ ಹಾಕ್ತೇವೆ."

"ಅದು ಪೋಸ್ಟರ್ ಆಂಟಿ. ಜಾನರ್ ಅಂದರೆ ನೋಡುವವರಿಗೆ ನೀವು ಕೊಡುವ ಮಾತು. ನಗಲಿಕ್ಕೆ ತಯಾರಾಗಿ, ಅಥವಾ ಹೆದರಲಿಕ್ಕೆ ತಯಾರಾಗಿ — ಅದು ಮೊದಲ ಎರಡು ನಿಮಿಷದಲ್ಲೇ ಅವರಿಗೆ ಗೊತ್ತಾಗಬೇಕು."

"ಇಂಡಿಕೇಟರ್" ಅಂದೆ.

ನೋಟ್‌ಬುಕ್ಕಿನಲ್ಲಿ ಬರ್ಕೊಂಡಳು! ನನ್ನಿಂದ ಬೈಸಿಕೊಂಡ ಹುಡುಗಿ ನನ್ನ ಮಾತು ಬರ್ಕೊಳ್ತಾಳೆ. ಭಾರೀ ಕುಶಿಯಾಯಿತು, ಮುಖದಲ್ಲಿ ತೋರಿಸಲಿಲ್ಲ.

ಒಪ್ಪಿದೆ. ಒಂದೇ ಷರತ್ತು — ಪೆದ್ರು ಅಂದರೆ ರೊಸಾರಿಯೊನೇ. ಸಭೆಯ ಎದುರು ನಿಲ್ಲದವ ಕ್ಯಾಮೆರಾ ಎದುರು ನಿಂತಾನು. ಒಮ್ಮೆ ಮುಖಕ್ಕೆ ಬಣ್ಣ ಬಿದ್ದರೆ ಫೆಬ್ರವರಿಗೆ ಸ್ಟೇಜಿಗೂ ಬಂದಾನು. ಅಷ್ಟೇ ನನಗೆ ಬೇಕಾದದ್ದು. ಸಿನೆಮಾ ಗಿನೆಮಾ ಬೇಕಾಗಿಲ್ಲ... ಸುಳ್ಳು. ಸ್ವಲ್ಪ ಬೇಕು.


ಆಗಸ್ಟ್ 10, ಭಾನುವಾರ

ಪೂಜೆ ಮುಗಿಸಿ ರೊಸಾರಿಯೊನಲ್ಲಿಗೆ ಹೋಗಿ ಸಿನೆಮಾದ ವಿಷಯ ಹೇಳಿದೆ. ಮಾತೆಲ್ಲ ಕೊಂಕಣಿಯಲ್ಲಿ, ಬರೆಯುವುದು ಮಾತ್ರ ಕನ್ನಡ — ಕನ್ನಡ ಶಾಲೆಯ ಅಭ್ಯಾಸ ಹೋಗಲಿಲ್ಲ.

"ಎದುರಿಗೆ ಎಷ್ಟು ಜನ ಇರ್ತಾರೆ?" ಕೇಳಿದ.

"ನಾಲ್ಕು."

"ಸಭೆ?"

"ಇಲ್ಲ."

"ಮೊಂತಿ ಫೆಸ್ತ್ ಮುಗಿಯಲಿ" ಅಂದ, ಸೆಪ್ಟೆಂಬರ್ ಎಂಟರ ಹಬ್ಬ. ಅವನ ಬಾಯಲ್ಲಿ ಅದು ಹೂಂ ಅಂದ ಹಾಗೆ. ಓಡಿಬಂದೆ, ಅವನ ಮನಸ್ಸು ಬದಲಾಗುವ ಮೊದಲು.


ಆಗಸ್ಟ್ 21, ಗುರುವಾರ. ಸಂಜೆ 5

ಮಂಡೆ ಬಿಸಿ. ನನ್ನ ಮೊದಲ ಡ್ರಾಫ್ಟನ್ನು ವಿಜೇತಾ ಕೆಂಪು ಶಾಯಿಯಲ್ಲಿ ಸ್ನಾನ ಮಾಡಿಸಿ ಕಳಿಸಿದ್ದಾಳೆ.

ನಾನು ಬರೆದದ್ದು — ಪೆದ್ರು: ಇದೋ ನನ್ನ ಹೊಸ ಬಿಳಿ ಕಾರು! ಅವಳ ಟಿಪ್ಪಣಿ — ಆಂಟಿ, ಕಾರು ಕಾಣ್ತದೆ. ಪೆದ್ರು: ಅಬ್ಬಬ್ಬಾ, ಎಂತ ಬಿಸಿಲು! — ಬಿಸಿಲೂ ಕಾಣ್ತದೆ. ಹೆಂಡತಿ, ತನ್ನಷ್ಟಕ್ಕೆ: ಈ ಮನುಷ್ಯನಿಗೆ ಬುದ್ಧಿ ಯಾವಾಗ ಬರ್ತದೋ! — ಬೇಡ, ನಿಮ್ಮ ಮುಖ ಸಾಕು.

ನನ್ನ ಮುಖ ಸಾಕಂತೆ!

ಫೋನಿನಲ್ಲಿ ಜಗಳ ಮಾಡಿದೆ. ಸೋತೆ. ಸ್ಟೇಜಿನಲ್ಲಿ ಏನೂ ಇರುವುದಿಲ್ಲ, ಎಲ್ಲವನ್ನೂ ಮಾತಿನಲ್ಲೇ ತರಬೇಕು. ಇಲ್ಲಿ ಎಲ್ಲ ಮೊದಲೇ ಉಂಟು, ಬೇಡದ್ದೂ ಉಂಟು. ಮೊನ್ನೆ ರಸ್ತೆ ನೋಡಲು ಹೋದರೆ ಯಾವ ಕಡೆ ಕ್ಯಾಮೆರಾ ಇಟ್ಟರೂ ನಂದಿಕೂರಿನ ಪವರ್ ಪ್ಲಾಂಟಿನ ಚಿಮಣಿ ಹಿಂದೆ ಬಂದು ನಿಲ್ತದೆ. ಪೆದ್ರುವಿನ ಕಥೆಯಲ್ಲಿ ಅದಕ್ಕೆ ಎಂತ ಕೆಲಸ? ಜಾಗ ಬದಲಿಸಿದೆವು.

ನಲ್ವತ್ತು ಪುಟ ಹನ್ನೆರಡು ಆಯಿತು. ಆದರೆ ಸೊನ್ನೆಗಳನ್ನು ಬಿಟ್ಟುಕೊಡಲಿಲ್ಲ. ಹತ್ತೊಂಬತ್ತು ವರ್ಷದಿಂದ ನಗು ಬರುವ ಮಾತಿನ ಪಕ್ಕ ಸೊನ್ನೆ ಹಾಕ್ತೇನೆ. ಚಿಕ್ಕ ಸೊನ್ನೆ ಅಂದರೆ ಎರಡು ಎಣಿಸುವಷ್ಟು ನಿಲ್ಲಬೇಕು, ದೊಡ್ಡದು ಅಂದರೆ ಏಳು. ಸಭೆ ನಗ್ತಿರುವಾಗ ಮುಂದಿನ ಮಾತು ಹೇಳಿದರೆ ಆ ಮಾತು ಲಗಾಡಿ. ಎಡಸೀಟಿನ ಸೀನಿಗೆ ದೊಡ್ಡ ಸೊನ್ನೆ. ವಿಜೇತಾ ಅದರ ಬಗ್ಗೆ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.


ಸೆಪ್ಟೆಂಬರ್ 13, ಶನಿವಾರ. ಸಂಜೆ 7

ಶೂಟಿಂಗ್ ಆಯಿತು. ಕಾಲು ನೋವು. ಮನಸ್ಸು ಅದಕ್ಕಿಂತ.

ಬೆಳಗ್ಗೆ ಕಾರ್ಕಳ ರಸ್ತೆಯಲ್ಲಿ ಲೈಸೆನ್ಸ್ ಟೆಸ್ಟಿನ ಸೀನ್. ಒಳ್ಳೆದಾಯಿತು. ರೊಸಾರಿಯೊ ಬಣ್ಣ ಹಾಕ್ಕೊಂಡು ಕನ್ನಡಿ ನೋಡಿ "ಇವನು ಯಾರು, ಮುದುಕ?" ಅಂದ. ಒಂದೂವರೆ ವರ್ಷದ ನಂತರ ಅವನ ಬಾಯಿಂದ ಮೊದಲ ಜೋಕ್. ನನಗೆ ಅಳು ಬಂತು, ಧೂಳು ಅಂತ ಹೇಳಿದೆ.

ಮಧ್ಯಾಹ್ನ ಅವನದೇ ಅಂಗಳ, ಅವನದೇ ಕಾರು. ಎಡಸೀಟಿನ ಸೀನ್. ಸೌಂಡ್ ತೆಗೆಯುವ ಸ್ಯಾಮ್ಸನ್ ಹೆಡ್‌ಫೋನ್ ಹಾಕ್ಕೊಂಡು ಎಲ್ಲರಿಗೂ ಆರ್ಡರ್ ಮಾಡಿದ — ಉಸಿರಿನ ಸದ್ದೂ ಬರಬಾರದು. ರೊಸಾರಿಯೊ ಬಂದ, ಎಡಬಾಗಿಲು ತೆಗೆದ, ಕೂತ, ಸ್ಟೇರಿಂಗ್ ಹುಡುಕಿದ, ತಲೆಯೆತ್ತಿ ನೋಡಿದ. ಏಳು ಎಣಿಸಿದ. ಯಾರೂ ನಗಲಿಲ್ಲ. ನಗುವ ಹಾಗೇ ಇಲ್ಲವಲ್ಲ! ಇನ್ನೊಂದು ಸಲ. ಮತ್ತೊಂದು ಸಲ. ಮೂರನೇ ಸಲ ನನ್ನನ್ನು ಬದಿಗೆ ಕರೆದ.

"ಒಬ್ಬರೂ ನಗುವುದಿಲ್ಲವಲ್ಲ ಗ್ಲ್ಯಾಡಿಸ್."

"ರೆಕಾರ್ಡಿಂಗ್ ಮಾರಾಯ. ಬಾಯಿ ಮುಚ್ಚಿ ನಗ್ತಿದ್ದಾರೆ."

"ಅವಳಿದ್ದರೆ ತಡೆಯಲಿಕ್ಕೆ ಆಗ್ತಿರಲಿಲ್ಲ" ಅಂದ.

ಹೌದು. ಆಲಿಸ್ ಯಾವಾಗಲೂ ಮೊದಲ ಸಾಲು. ಅವಳು ಹಾ ಅಂದ ಮೇಲೆಯೇ ಹಾಲ್ ನಗುವುದು. ನನ್ನ ಸೊನ್ನೆಯೊಳಗೆ ಅವಳು ಕೂತಿದ್ದಳು ಅಂತ ನನಗೆ ಇವತ್ತೇ ಗೊತ್ತಾದದ್ದು. ಆಮೇಲೆ ಅವನು ಎಲ್ಲ ಸೀನ್ ಮುಗಿಸಿದ, ಒಂದು ಮಾತೂ ತಪ್ಪಲಿಲ್ಲ. ಮುಖ ತೊಳೆದು ಒಳಗೆ ಹೋದ. ಬಾಗಿಲು ಹಾಕಿದ. ಅವನನ್ನು ಎಬ್ಬಿಸಲು ಹೋಗಿ ನೋವಿನ ಮೇಲೆಯೇ ಕೈಯಿಟ್ಟು ಒತ್ತಿದೆ ನಾನು. ನನ್ನ ಮೇಲೆ ನನಗೇ ಸಿಟ್ಟು.


ಅಕ್ಟೋಬರ್ 4, ಶನಿವಾರ. ಸಂಜೆ

ವಿಜೇತಾಳ ರೂಮಿನಲ್ಲಿ ಮೊದಲ ಸಲ ಸಿನೆಮಾ ನೋಡಿದೆ. ಎಡಿಟಿಂಗ್ ಅವಳೇ ಮಾಡುವುದು. ಐದು ನಿಮಿಷ ಆಗುವಾಗ ನಿಲ್ಲಿಸಿದಳು.

"ಆಂಟಿ, ಪ್ರತಿ ಡೈಲಾಗ್ ಆದ ಮೇಲೆ ಇವರು ಯಾಕೆ ನಿಂತುಬಿಡ್ತಾರೆ?"

"ಸೊನ್ನೆ ಉಂಟಲ್ಲ."

"ಸೊನ್ನೆ ಅಂದರೆ?"

ಹೇಳಿದೆ. ಅವಳು ಮೇಜಿನ ಮೇಲೆ ತಲೆಯಿಟ್ಟಳು. "ಅಂಕಲ್ ಸೂಕ್ಷ್ಮ ಅಭಿನಯ ಮಾಡ್ತಿದ್ದಾರೆ ಅಂತ ನಾನು ನನ್ನ ಸ್ಟೂಡೆಂಟ್ಸಿಗೆ ಪಾಠ ಮಾಡಿದೆ ಆಂಟಿ!" ಇಬ್ಬರೂ ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡೆವು. ಮನೆಯಲ್ಲಿ ಒಬ್ಬರೇ ಕೂತು ನೋಡುವ ಸಿನೆಮಾಕ್ಕೆ ಯಾರ ನಗುವಿಗೆ ಕಾಯುವುದು? ನಾನೇ ದಡ್ಡಿ. ಒಂದೊಂದೇ ಸೊನ್ನೆ ಕತ್ತರಿಸಿದಳು. ಮಾತು ಚಕಚಕ ಓಡಿತು. ಗಮ್ಮತ್ತಾಯಿತು ನಿಜವಾಗಿ.

ಆಮೇಲೆ ಎಡಸೀಟು ಬಂತು.

ಕೂರ್ತಾನೆ. ಕೈ ಹುಡುಕ್ತದೆ. ಸ್ಟೇರಿಂಗ್ ಇಲ್ಲ. ತಲೆಯೆತ್ತಿ ನೋಡ್ತಾನೆ — ಕ್ಯಾಮೆರಾವನ್ನಲ್ಲ, ಸ್ವಲ್ಪ ಕೆಳಗೆ, ಮೊದಲ ಸಾಲು ಇರಬೇಕಾದ ಕಡೆ. ಕಾಯ್ತಾನೆ. ಒಂದು, ಎರಡು, ಮೂರು... ಐದಕ್ಕೆ ಕಣ್ಣು ಇಳೀತದೆ. ಹೆಂಡತಿಯ ಸೀಟಿನಲ್ಲಿ ಒಬ್ಬ ಗಂಡ, ಒಬ್ಬನೇ. ಏಳಕ್ಕೆ ನಾನು, ಹೂವಿನ ನೈಟಿ ಹಾಕ್ಕೊಂಡು, ಕೈ ಬೀಸ್ತಾ ಬರ್ತೇನೆ — ಓಹೋ, ಇವತ್ತಿನಿಂದ ನಾನು ಡ್ರೈವರಾ? ನನಗೇ ಎರಡು ಬಿಡಬೇಕು ಅನಿಸಿತು.

ವಿಜೇತಾ ಮೆಲ್ಲ ಹೇಳಿದಳು, "ಆಂಟಿ, ಇಲ್ಲಿ ಹೆಂಡತಿ ಬರುವುದೇ ಬೇಡ. ಹೆಂಡತಿ ಇಲ್ಲ. ತೀರಿಹೋಗಿದ್ದಾಳೆ."

"ಅಂದರೆ ನನ್ನನ್ನು ಕೊಲ್ತೀಯಾ?"

"ಪಾತ್ರವನ್ನು ಆಂಟಿ."

"ಪಾತ್ರ ನಾನೇ ಅಲ್ವಾ!"

ಬೈದು ಎದ್ದು ಬಂದೆ. ದಾರಿಯಿಡೀ ಗೇರ್ ಕಿರ್‌ರ್ ಅಂದಿತು. ನನ್ನ ಸ್ಟೂಡೆಂಟ್ ಹಾಗೆ ಹಾಕಿದ್ದರೆ ಕಿವಿ ಹಿಂಡ್ತಿದ್ದೆ.


ಅಕ್ಟೋಬರ್ 6, ಸೋಮವಾರ. ಬೆಳಗ್ಗೆ 6

ಎರಡು ದಿನ ಅದೇ ಯೋಚನೆ. ಪೆದ್ರುವಿಗೆ ಸೀಟು ತಪ್ಪಿದ್ದು ಗೊತ್ತಿಲ್ಲ, ಸಭೆಗೆ ಗೊತ್ತು — ನಗು ಬರ್ತದೆ. ಅದೇ ಸೀಟು, ಅದೇ ಕೈ. ಹೆಂಡತಿ ಇಲ್ಲ ಅಂತ ಪೆದ್ರುವಿಗೂ ಗೊತ್ತು, ಸಭೆಗೂ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ — ಅದಕ್ಕೆ ಎಂತ ಹೆಸರು? ವಿಜೇತಾಳಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು: ಗೊತ್ತಿಲ್ಲ ಆಂಟಿ, ಆದರೆ ನೀವು ಬರೀರಿ.

ಬರೆದೆ. ನನ್ನ ಒಂದೊಂದೇ ಮಾತಿಗೆ ನಾನೇ ಗೆರೆ ಎಳೆದೆ. ಒಟ್ಟು ಐವತ್ತಮೂರು ಮಾತು. ಕಷ್ಟ ಆಯಿತು, ಸುಳ್ಳು ಯಾಕೆ. ಲಿಯೋನೆಲ್ ಇಣುಕಿ ನೋಡಿ "ಯಾರು ಸತ್ತದ್ದು?" ಅಂತ ಕೇಳಿದ. "ನಾನು" ಅಂದೆ. "ತಿಂಡಿ ಉಂಟಾ?" ಅಂದ. ಮದುವೆಯಾಗಿ ಮೂವತ್ತು ವರ್ಷ, ಇಂಥ ಗಂಡ.

ಈಗ ರೊಸಾರಿಯೊನಿಗೆ ಹೇಳಬೇಕು. ಅವನ ಮುಖ, ಅವನ ಮನೆ, ಅವನ ಆಲಿಸ್. ಹೇಳದೆ ತಿರುಗಿಸುವ ಹಾಗಿಲ್ಲ.


ಅಕ್ಟೋಬರ್ 12, ಭಾನುವಾರ

ರೊಸಾರಿಯೊ ಹೊಸ ಸೀನನ್ನು ನಿಂತುಕೊಂಡೇ ಓದಿದ. ಮಡಚಿ ನನ್ನ ಕೈಗೇ ಕೊಟ್ಟ.

"ನನ್ನ ಹೆಂಡತಿ ಸತ್ತದ್ದು ನಿನಗೆ ಒಂದು ಸೀನ್ ಆಯ್ತಾ?"

"ಹಾಗಲ್ಲ ರೊಸಾರಿಯೊ—"

"ಹತ್ತೊಂಬತ್ತು ವರ್ಷ ಜನರನ್ನು ನಗಿಸಿದ್ದೇನೆ. ಈಗ ಎಲ್ಲರೂ ಕೂತು ಪಾಪ ರೊಸಾರಿಯೊ ಅಂತ ಮೂಗು ಸೀಟಬೇಕಾ? ಹೋಗು ಗ್ಲ್ಯಾಡಿಸ್. ದಮ್ಮಯ್ಯ, ಹೋಗು."

ಬಂದೆ. ವಿಜೇತಾಳಿಗೆ ಫೋನ್ ಮಾಡಿ, ಅವನು ಒಪ್ಪದೆ ಒಂದು ಶಾಟೂ ಹೊರಗೆ ಬರಬಾರದು ಅಂದೆ. ಆಯ್ತು ಅಂದಳು, ಒಂದು ಪ್ರಶ್ನೆಯೂ ಕೇಳಲಿಲ್ಲ, ಒಳ್ಳೆ ಹುಡುಗಿ. ಸಿನೆಮಾ ಹೋದರೆ ಹೋಗಲಿ. ಆ ಬಾಗಿಲು ಇನ್ನು ನನಗೆ ತೆರೆಯದಿದ್ದರೆ?


ಅಕ್ಟೋಬರ್ 19, ಭಾನುವಾರ

ನಿನ್ನೆ ದೀಕ್ಷಿತಾ ಸಂತೆಕಟ್ಟೆ ಜಂಕ್ಷನ್ ದಾಟಿಸಿದಳು, ಅಳದೆ. ರೊಸಾರಿಯೊ ಪೂಜೆಗೆ ಬಂದಿದ್ದ. ನನ್ನನ್ನು ನೋಡಿ ಬದಿಯ ಬಾಗಿಲಿನಿಂದ ಹೋದ.


ನವೆಂಬರ್ 2, ಭಾನುವಾರ. ಬೆಳಗ್ಗೆ 11

ಇವತ್ತು ಸತ್ತವರ ದಿನ. ಸಿಮಿತೇರಿಯಲ್ಲಿ ಊರಿಗೆ ಊರೇ. ಎಲ್ಲ ಸಮಾಧಿ ತೊಳೆದು, ಹೂ ಇಟ್ಟು, ಕ್ಯಾಂಡಲ್ ಹಚ್ಚಿ, ಫಾದರ್ ತೀರ್ಥ ಚಿಮುಕಿಸುವುದನ್ನು ಕಾಯುವುದು. ನಾನು ಅಮ್ಮನ ಸಮಾಧಿಯ ಹತ್ತಿರ ನಿಂತಿದ್ದೆ. ಹಿಂದಿನಿಂದ ಧ್ವನಿ.

"ಆ ಸೀನ್ ತಪ್ಪು."

ರೊಸಾರಿಯೊ! ಕೈಯಲ್ಲಿ ಅರ್ಧ ಉರಿದ ಕ್ಯಾಂಡಲ್. ನಮಸ್ಕಾರ ಇಲ್ಲ, ಹೇಗಿದ್ದೀ ಇಲ್ಲ.

"ಯಾವ ಸೀನ್?"

"ಎಡಸೀಟು. ಅವನು ಕೂತು ಸುಮ್ಮನೆ ಇರ್ತಾನೆ ಅಂತ ಬರೆದಿದ್ದೀ. ಆಲಿಸ್ ಆ ಸೀಟಿನಲ್ಲಿ ಯಾವತ್ತು ಸುಮ್ಮನೆ ಕೂತಿದ್ದಾಳೆ? ನಿಧಾನ, ಬ್ರೇಕ್, ಹಾರ್ನ್, ಆ ದನ ನೋಡು, ಈ ಸೈಕಲ್ ನೋಡು... ಶಿರ್ವದಿಂದ ಕಾಪು ಮುಟ್ಟುವವರೆಗೆ ಬಾಯಿಗೆ ಬ್ರೇಕ್ ಇಲ್ಲ. ಆ ಸೀಟಿನಲ್ಲಿ ಕೂತವರ ಕೆಲಸ ಅದು. ಡ್ರೈವರಿಗೆ ಬೈಯುವುದು."

"ಡ್ರೈವರ್ ಸೀಟು ಖಾಲಿ ಅಲ್ವಾ?"

"ಮತ್ತೆ? ಪೆದ್ರು ಅಲ್ಲಿ ಇಲ್ಲ, ಇಲ್ಲಿ ಕೂತಿದ್ದಾನೆ. ಖಾಲಿ ಸೀಟಿನ ಪೆದ್ರುವಿಗೆ ಹೆಂಡತಿಯ ಹಾಗೆ ಬೈತಾನೆ."

ಹತ್ತೊಂಬತ್ತು ವರ್ಷ ನಾನು ಬರೆದದ್ದನ್ನು ಹೇಳಿದವ ಇವತ್ತು ನನಗೆ ಬರೆದುಕೊಟ್ಟ.

"ಮತ್ತೊಂದು" ಅಂದ. "ಹೆಂಡತಿ ಇಲ್ಲ ಅಂತ ಮೊದಲೇ ಹೇಳು. ಕೊನೆಯವರೆಗೆ ಮುಚ್ಚಿಟ್ಟು ಜನರ ಮೇಲೆ ಹಾಕಬೇಡ, ಅದು ಮೋಸ. ಮತ್ತೆ ಅವರು ನಗಬೇಕು. ನಗದಿದ್ದರೆ ಅದು ಆಲಿಸ್ ಅಲ್ಲ."

ಎರಡು ಹೆಜ್ಜೆ ಆಚೆ ಆಲಿಸಳ ಸಮಾಧಿ, ಅದರ ಎದುರೇ ಸ್ಕ್ರಿಪ್ಟ್ ಮೀಟಿಂಗ್. ಆಚೆ ಬದಿಯಿಂದ ಬರ್ತಾಬಾಯಿ ಪ್ರಾರ್ಥನೆ ಬಿಟ್ಟು ನಮ್ಮನ್ನೇ ನೋಡ್ತಿದ್ದರು. ನೋಡಲಿ. ಪೆನ್ ಇರಲಿಲ್ಲ, ಬರ್ತಾಬಾಯಿಯ ಹತ್ತಿರವೇ ಕೇಳಿ ತೆಗೆದೆ, ಹೂವಿನ ಕಾಗದದ ಹಿಂದೆ ಮೊದಲ ಸೀನ್ ಬರೆದೆ. ಪೆದ್ರು ಸಮಾಧಿಯ ಎದುರು ನಿಂತಿದ್ದಾನೆ, ಕೈಯಲ್ಲಿ ಕಾರಿನ ಕೀ. ಹೇಳ್ತಾನೆ: ಇವತ್ತು ಲೈಸೆನ್ಸ್ ಟೆಸ್ಟ್, ನಾಲ್ಕನೇ ಸಲ. ನಗಬೇಡ.

ಓದಿದ. "ಹಾಂ" ಅಂದ. ಅಷ್ಟೇ. ಕಾಗದ ಜೇಬಿಗೆ ಹಾಕ್ಕೊಂಡ.

ಮನೆಗೆ ಬಂದು ಲಿಯೋನೆಲನಿಗೆ ಹೇಳಿದೆ — ನಗುವುದೂ ಉಂಟು, ಅಳುವುದೂ ಉಂಟು, ಎರಡೂ ಇಂಡಿಕೇಟರ್ ಒಟ್ಟಿಗೆ ಹಾಕಿದ್ದೇನೆ. "ಅದಕ್ಕೆ ಹಜಾರ್ಡ್ ಲೈಟ್ ಅಂತಾರೆ" ಅಂದ. ಪರವಾಗಿಲ್ಲ, ಈ ಮನುಷ್ಯ ಕೇಳಿಸಿಕೊಳ್ತಾನೆ.


ನವೆಂಬರ್ 15, ಶನಿವಾರ. ಸಂಜೆ 6.30

ಮುಗಿಯಿತು. ಎರಡೇ ಸೀನ್, ಇಡೀ ದಿನ.

ಎಡಸೀಟು ಮಧ್ಯಾಹ್ನ ಮೂರಕ್ಕೆ. ಸ್ಕ್ರಿಪ್ಟಿನಲ್ಲಿ ಒಂದೇ ಸೊನ್ನೆ ಉಳಿಸಿದ್ದೆ, ದೊಡ್ಡದು. ಈ ಸಲ ವಿಜೇತಾಳಿಗೂ ಅದರ ಅರ್ಥ ಗೊತ್ತು. ರೊಸಾರಿಯೊ ಕೂತ. ಸ್ಟೇರಿಂಗ್ ಹುಡುಕಿದ. ಕೈ ನಿಂತುಹೋಯಿತು. ಪಕ್ಕದ ಖಾಲಿ ಸೀಟು ನೋಡಿದ, ತುಂಬ ಹೊತ್ತು. ಆಮೇಲೆ ಸೀಟ್‌ಬೆಲ್ಟ್ ಎಳೆದು ಹಾಕ್ಕೊಂಡು, ಮಡಿಲಲ್ಲಿ ಇಲ್ಲದ ವ್ಯಾನಿಟಿ ಬ್ಯಾಗನ್ನು ಸರಿಮಾಡಿ — ಅದನ್ನು ನಾನು ಬರೆದಿರಲಿಲ್ಲ — ಶುರು ಮಾಡಿದ.

"ನಿಧಾನ... ನಿಧಾನ ಅಂದೆ! ಇದು ನಿಮ್ಮ ಕುವೈತ್ ಅಲ್ಲ. ಹಾರ್ನ್ ಹಾಕಿ. ಅಷ್ಟು ಜೋರಾಗಿ ಯಾಕೆ? ಆ ಕೋಳಿ ನೋಡಿ. ಕೋಳಿ, ಕೋಳಿ!"

ಆಲಿಸಳೇ. ಅವಳ ಕತ್ತು, ಅವಳ ಬೆರಳು. ಧ್ವನಿ ಹೆಣ್ಣಿನದ್ದು ಮಾಡಲಿಲ್ಲ, ಮಾಡಿದ್ದರೆ ಹಾಳಾಗ್ತಿತ್ತು. ತನ್ನದೇ ಧ್ವನಿಯಲ್ಲಿ ಅವಳ ಮಾತು. ಸ್ಯಾಮ್ಸನ್ ಶರ್ಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಕಣ್ಣೀರು ಹಾಕ್ತಿದ್ದ — ನಗುವೋ ಅಳುವೋ ದೇವರಿಗೇ ಗೊತ್ತು. ಕಟ್ ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಸಿಡಿದೆವು.

"ಈಗ ನಗ್ತೀರಾ? ಬಸ್ಸು ಹೋದ ಮೇಲೆ?" ಅಂತ ರೊಸಾರಿಯೊ ಬೆಲ್ಟ್ ಬಿಚ್ಚಿದ. ಆದರೆ ಕುಶಿಯಾಗಿದ್ದ. ಮೂರು ಇಡ್ಲಿ ತಿಂದ. ಆಲಿಸ್ ಹೋದ ಮೇಲೆ ಅವನು ಜನರ ಎದುರು ಕೂತು ತಿಂದದ್ದು ನಾನು ನೋಡಿರಲಿಲ್ಲ. ಫೆಬ್ರವರಿಯ ಮಾತು ಎತ್ತಲೋ ಅಂತ ನಾಲಿಗೆ ತುದಿಗೆ ಬಂತು. ಎತ್ತಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವ ಧೈರ್ಯ ಇವತ್ತಿಲ್ಲ.


ಡಿಸೆಂಬರ್ 7, ಭಾನುವಾರ. ಸಂಜೆ 7.15, ಪ್ಯಾರಿಶ್ ಹಾಲಿನ ಹೊರಗೆ ಕಾರಿನಲ್ಲಿ

ಬರೀಬೇಕು, ಮರೆಯುವ ಮೊದಲು. ಲಿಯೋನೆಲ್ ಯಾರತ್ರವೋ ಮಾತಾಡ್ತಿದ್ದಾನೆ, ಹತ್ತು ನಿಮಿಷ ಸಿಕ್ಕೀತು.

ಸಿನೆಮಾದ ಮೊದಲ ಪ್ರದರ್ಶನ, ಪ್ಯಾರಿಶ್ ಹಾಲಿನಲ್ಲಿ ಇನ್ನೂರು ಜನ. ರೊಸಾರಿಯೊ ತಡವಾಗಿ ಬಂದ. ಹಿಂದೆ ಎಲ್ಲ ತುಂಬಿತ್ತು, ಮೊದಲ ಸಾಲು ಮಾತ್ರ ಯಾವತ್ತಿನ ಹಾಗೆ ಖಾಲಿ — ಫಾದರ್ ಪಕ್ಕ ಯಾರು ಕೂರ್ತಾರೆ? ಅಲ್ಲೇ ಹೋಗಿ ಕೂತ. ಆ ಹಾಲಿನಲ್ಲಿ ಅವನು ಸ್ಟೇಜಿಗೆ ಮುಖ ಮಾಡಿ ಕೂತದ್ದು ಇದೇ ಮೊದಲು. ಎಡಿಟ್ ಆದ ಸಿನೆಮಾವನ್ನೂ ನೋಡಿರಲಿಲ್ಲ, ಬೇಡ ಅಂದಿದ್ದ.

ಮೊದಲ ಸೀನ್. "ನಾಲ್ಕನೇ ಸಲ. ನಗಬೇಡ." ಹಾಲ್ ಗಪ್‌ಚಿಪ್. ಟೆಸ್ಟಿನ ಸೀನಿಗೆ ಅಲ್ಲಿ ಇಲ್ಲಿ ಸಣ್ಣ ನಗು, ಕೂಡಲೇ ನುಂಗಿಕೊಂಡರು. ಗೊತ್ತಾಯಿತು ನನಗೆ. ಅವರಿಗೆ ನಗು ಬರ್ತಿದೆ, ಆದರೆ ಎದುರಿಗೆ ಅವನು ಕೂತಿದ್ದಾನೆ. ಅವನ ಹೆಂಡತಿಯ ವಿಷಯ. ನಗಬಹುದಾ ಅಂತ ಯಾರೂ ಹೇಳಿಲ್ಲ. ನನ್ನ ಇಂಡಿಕೇಟರ್ ಎಲ್ಲ ದಂಡ!

ಎಡಸೀಟು ಬಂತು. ಕೂತ, ಹುಡುಕಿದ, ಕೈ ನಿಂತಿತು. ಸೊನ್ನೆ. ಇನ್ನೂರು ಜನ ಉಸಿರು ಹಿಡಿದಿದ್ದಾರೆ. ನಾನು ವಿಜೇತಾಳ ಕೈ ಹಿಂಡಿ ಹಿಂಡಿ ಕೆಂಪು ಮಾಡಿದ್ದೇನಂತೆ. ಬೆಲ್ಟ್. ಬ್ಯಾಗ್. "ನಿಧಾನ ಅಂದೆ! ಇದು ನಿಮ್ಮ ಕುವೈತ್ ಅಲ್ಲ." ಒಬ್ಬರೂ ಇಲ್ಲ. ಸತ್ತೆ ಅಂದುಕೊಂಡೆ. "ಆ ಕೋಳಿ ನೋಡಿ. ಕೋಳಿ, ಕೋಳಿ!"

"ಹಾ!"

ಮೊದಲ ಸಾಲಿನಿಂದ. ರೊಸಾರಿಯೊ. ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿ, ತನ್ನನ್ನೇ ನೋಡಿ ನಗ್ತಿದ್ದಾನೆ. ಹಾಲ್ ಒಡೆದುಹೋಯಿತು. ಬರ್ತಾಬಾಯಿ ನಗ್ತಾ ಕಣ್ಣು ಒರಸ್ತಿದ್ದರು, ಫಾದರ್ ಕನ್ನಡಕ ತೆಗೆದರು. ಮುಂದಿನ ನಾಲ್ಕು ಮಾತು ಯಾರಿಗೂ ಕೇಳಿಸಲೇ ಇಲ್ಲ. ಅಲ್ಲಿ ನಗುವಿಗೆ ಜಾಗ ಬಿಡಬೇಕಿತ್ತು ಅಂತ ವಿಜೇತಾ ಕಿವಿಯಲ್ಲಿ ಹೇಳಿದಳು. ಈಗ ಬುದ್ಧಿ ಬಂತು ಅವಳಿಗೆ!

ಮುಗಿದ ಮೇಲೆ ಹೊರಗೆ ಸಿಕ್ಕಿದ. ಜನ ಎಲ್ಲ ಸುತ್ತ ನಿಂತು ಭುಜ ತಟ್ಟಿ ಹೋಗುವವರೆಗೆ ಕಾದ.

"ನಾನು ಪಾತ್ರ ಒಳ್ಳೆದು ಮಾಡ್ತೇನೆ ಮಾರಾಯ್ತಿ" ಅಂದ. "ಅಷ್ಟು ವರ್ಷ ಅವಳು ಮನೆಗೆ ಹೋಗುವಾಗ ಕಾರಿನಲ್ಲಿ ಹೇಳ್ತಿದ್ದಳು. ನನ್ನನ್ನು ಕುಶಿ ಮಾಡಲಿಕ್ಕೆ ಹೇಳ್ತಾಳೆ ಅಂದುಕೊಂಡಿದ್ದೆ. ನಿಜವೇ ಹೇಳ್ತಿದ್ದಳು ಅವಳು."

ಅವನ ಕೈ ಹಿಡ್ಕೊಂಡು ನಿಂತೆ. ಲಿಯೋನೆಲ್ ಬರ್ತಿದ್ದಾನೆ.


ಡಿಸೆಂಬರ್ 9, ಮಂಗಳವಾರ. ಬೆಳಗ್ಗೆ 6.10

ಈಗಷ್ಟೇ ಫೋನ್ ಇಟ್ಟೆ. ರೊಸಾರಿಯೊ. ಗುಡ್ ಮಾರ್ನಿಂಗ್ ಇಲ್ಲ, ಎಂತದೂ ಇಲ್ಲ.

"ಫೆಬ್ರವರಿಗೆ ನಾಟಕ ಉಂಟು ಅಂತ ಫಾದರಿಗೆ ಹೇಳಿದ್ದೇನೆ."

"ಯಾರ ನಾಟಕ?"

"ನಿನ್ನದು. ಬರೆದಾಯ್ತಾ?"

ಎಂತ ಮನುಷ್ಯ, ದೇವರೇ! ಎರಡೇ ತಿಂಗಳು ಉಂಟು, ಬರೆದಾಯ್ತಾ ಅಂತ ಕೇಳ್ತಾನೆ. ಬೈದೆ. ಚೆನ್ನಾಗಿ ಬೈದೆ. ಆಚೆಯಿಂದ ನಗ್ತಿದ್ದ.

"ಕಾಮಿಡಿಯಾ?" ಅಂತ ಕೇಳಿದ.

"ಇನ್ನೂ ಗೊತ್ತಿಲ್ಲ."

"ಆಗಲಿ. ಗೊತ್ತಾದಾಗ ನನಗೆ ಮೊದಲು ಹೇಳು. ನಾನು ಸ್ಟೇಜಿಗೆ ಬರ್ತೇನೆ."

ನಾನು ಸ್ಟೇಜಿಗೆ ಬರ್ತೇನೆ. ಅವನೇ ಹೇಳಿದ್ದು. ಅಕ್ಷರ ವಕ್ರ ವಕ್ರ. ಏಳಕ್ಕೆ ಕಾಪುವಿನಲ್ಲಿ ಕ್ಲಾಸ್ ಉಂಟು, ತಡವಾದರೆ ಆಗಲಿ. ಬೇರೆ ಪುಸ್ತಕ ಹುಡುಕಲು ಪುರುಸೊತ್ತಿಲ್ಲ, ಇಲ್ಲೇ ಬರೀತೇನೆ.

ಅಂಕ ಒಂದು. ಪರದೆ ಏಳುವಾಗ ಸ್ಟೇಜಿನಲ್ಲಿ ರೊಸಾರಿಯೊ ಒಬ್ಬನೇ. ಸಭೆಯನ್ನು ನೋಡ್ತಾನೆ. ಅವಸರ ಇಲ್ಲ. ಒಂದು ಹೆಜ್ಜೆ ಮುಂದೆ ಬಂದು ಹೇಳ್ತಾನೆ —